ಹಳದಿ ಮನೆಗೆ ಬೀಗವಿಲ್ಲ

ಬ್ಲೇಡಿನ ಮೂಲೆಯನ್ನು ಹೊಲಿಗೆಯ ಸಂದಿಗೆ ತೂರಿಸಿ ನಿವೃತ್ತ ಪೇದೆ ಚಿಕ್ಕಮ್ಮ ಇನ್ನೊಂದು ಎಳೆ ಹರಿದಳು. ಕೋಟಿನ ತೋಳು ತುದಿಯಲ್ಲಿ ಬಾಯಿ ಬಿಟ್ಟಿತು. ಅವಳ ಮಡಿಲ ತುಂಬ ದಾರದ ಚೂರುಗಳು ಬಿದ್ದಿದ್ದವು.

"ಸ್ವಲ್ಪ ನಿಧಾನ ಚಿಕ್ಕಮ್ಮ, ಬಟ್ಟೆ ಹರಿದೀತು," ಎಂದಳು ಎದುರಿಗೆ ಕೂತು ಇನ್ನೊಂದು ತೋಳು ಬಿಚ್ಚುತ್ತಿದ್ದ, ಹೊಲಿಗೆ ಅಂಗಡಿಯ ಯಜಮಾನಿಯ ಸೊಸೆ.

"ಲಾಠಿ ಹಿಡಿದು ಸವೆದ ಕೈ ಕಣೇ ಇದು. ಎಂತೆಂಥ ಗಟ್ಟಿ ಕಳ್ಳರ ಬಾಯಿ ಬಿಡಿಸಿದೀನಿ, ತೋಳಿನ ಬಾಯಿ ಯಾವ ಲೆಕ್ಕ?"

ಬೇರೆ ದಿನವಾಗಿದ್ದರೆ ಸೊಸೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ತುಟಿ ಸಹ ಅಲುಗಲಿಲ್ಲ.

ಹೋಟೆಲಿನವರಿಗೆಂದು ಹೊಲಿದ ಕೋಟುಗಳ ತೋಳೆಲ್ಲ ಎರಡು ಬೆರಳಗಲ ಗಿಡ್ಡವಾಗಿ ಹೊರಬಂದು, ಯಜಮಾನಿ ಸೊಸೆಯ ಮೇಲೆ ಹರಿಹಾಯ್ದದ್ದು ನಿನ್ನೆ. ಕೋಟಿನ ಸಂಕಟವನ್ನು ಇಸ್ತ್ರಿ ತಾತ ಆಗಲೇ ಪರಿಹರಿಸಿದ್ದ. ತುದಿಗೆ ಕಪ್ಪು ಬಟ್ಟೆಯ ಕಫ್ ಕೂಡಿಸಿದರೆ ಉದ್ದವೂ ಸರಿಹೋಗುತ್ತದೆ, ನೋಡಲೂ ಠೀವಿಯಾಗಿರುತ್ತದೆ ಎಂದ. ಹೋಟೆಲಿನ ಮ್ಯಾನೇಜರು ಮಾದರಿ ನೋಡಿ, "ಮೊದಲೇ ಹೀಗೆ ಮಾಡಬಾರದಿತ್ತೇ?" ಎಂದು ಹಲ್ಲು ಬಿಟ್ಟು ಹೋಗಿದ್ದ.

ಕೋಟು ಉಳಿಯಿತು. ಸೊಸೆ ಉಳಿಯುತ್ತಾಳೋ ಇಲ್ಲವೋ ಎಂಬುದೇ ಈಗಿನ ಪ್ರಶ್ನೆ. ಅವಳು ತನ್ನ ಸ್ವಂತ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟುಕೊಂಡದ್ದನ್ನು ಚಿಕ್ಕಮ್ಮ ಬೆಳಿಗ್ಗೆಯೇ ಕಂಡಿದ್ದಳು. ಹೊಲಿಗೆಯವರು ಕತ್ತರಿ ಸುತ್ತಿಟ್ಟರೆಂದರೆ ಕಾಲು ಹೊಸ್ತಿಲಾಚೆ ಇಟ್ಟಂತೆಯೇ.

ಮೂರು ವರ್ಷದ ಹಿಂದೆ ಕತ್ತರಿ ಮಾವನೂ ಹೀಗೇ ಸುತ್ತಿಕೊಂಡು ಹೋಗಿದ್ದ. ಅವನು ಯಜಮಾನಿಯ ಒಡಹುಟ್ಟಿದ ತಮ್ಮ. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅವನದು. ಆಗ ವಾದ್ಯತಂಡದ ಕೋಟುಗಳು. ತುತ್ತೂರಿಯವರು ತುತ್ತೂರಿ ಎತ್ತಿದರೆ ತೋಳು ಮೊಣಕೈಗೆ ಓಡುತ್ತಿತ್ತು. "ಕಂಪ್ಯೂಟರ್ ಹೇಳಿದಷ್ಟೇ ಕತ್ತರಿಸಿದೆ ಅಕ್ಕ" ಎಂದ ತಮ್ಮ. "ಕಂಪ್ಯೂಟರ್ ಬಂದದ್ದು ನಿನಗೆ ಹಿಡಿಸಲಿಲ್ಲ, ಅದಕ್ಕೇ ಬೇಕಂತ ಹಾಳುಮಾಡಿದೆ" ಎಂದಳು ಅಕ್ಕ. ಆ ಒಂದು ಮಾತಿಗೆ ಅವನು ಇನ್ನೊಂದು ಊರು ಸೇರಿದ.

ಅದೇ ತೋಳು, ಅದೇ ಎರಡು ಬೆರಳು. ಆದರೆ ಈ ಸಲ ತಮ್ಮ ಇಲ್ಲಿಲ್ಲ.

ಚಿಕ್ಕಮ್ಮ ಮಡಿಲು ಕೊಡವಿಕೊಂಡು ಎದ್ದಳು.

"ಬಾರೇ. ನೀನು ಅಳತೆ ತುಂಬೋದನ್ನ ನಾನು ಕಣ್ಣಾರೆ ನೋಡಬೇಕು."

"ನೋಡಿ ಏನ್ಮಾಡ್ತೀರ? ಅತ್ತೆ ಆಗಲೇ ತೀರ್ಪು ಕೊಟ್ಟಾಯ್ತು."

"ತೀರ್ಪು ಕೊಟ್ಟಾದ ಮೇಲೂ ಮೇಲಿನ ಕೋರ್ಟು ಅಂತ ಒಂದಿರುತ್ತೆ ಕಣಮ್ಮ. ಅದು ನಾನೇ. ಏಳು."

*

ಕಂಪ್ಯೂಟರಿನ ಮೇಜು ಗುಂಡಿ ಡಬ್ಬಗಳ ಬೀರುವಿನ ಪಕ್ಕದಲ್ಲಿತ್ತು. ಯಜಮಾನಿಯ ಅಳಿಯ ಅಲ್ಲಿ ಕೂತು ಬಿಲ್ಲು ಮುದ್ರಿಸುತ್ತಿದ್ದ. ಅಳತೆಯ ಹಾಳೆಯನ್ನು ಮೂರು ವರ್ಷದ ಹಿಂದೆ ಕಂಪ್ಯೂಟರಿನಲ್ಲಿ ಮಾಡಿಕೊಟ್ಟವನು ಅವನೇ. ಗೋಡೆಯ ಆ ಬದಿಗೆ ಇಸ್ತ್ರಿ ತಾತ ಕಾಲರುಗಳಿಗೆ ಹಬೆ ಕೊಡುತ್ತಿದ್ದ.

"ಅಳಿಯಂದಿರೇ, ಹೋಟೆಲಿನವರ ಹಾಳೆ ತೆಗೀರಿ. ನನಗೆ ಇದರ ಗಂಧಗಾಳಿ ಇಲ್ಲ, ಮಗುವಿಗೆ ಹೇಳಿದ ಹಾಗೆ ಹೇಳಬೇಕು."

ಅಳಿಯ ಒಂದು ಪ್ರತಿ ತೆಗೆದ. ಪರದೆಯ ತುಂಬ ಚೌಕುಳಿ. ಅಳಿಯ ಒಂದೊಂದನ್ನೂ ಸೆಲ್ ಅನ್ನುತ್ತಿದ್ದ, ಸೊಸೆ ಮನೆ ಅನ್ನುತ್ತಿದ್ದಳು. ಚಿಕ್ಕಮ್ಮನಿಗೆ ಮನೆಯೇ ಹಿಡಿಸಿತು.

ಎಡಗಡೆ ಗಿರಾಕಿಗಳ ಹೆಸರು. ಅದರ ಪಕ್ಕದ ಹಳದಿ ಮನೆಗಳಲ್ಲಿ ಎದೆ, ಭುಜ, ತೋಳು, ಕಾಲರಿನ ಅಳತೆ. ಬಲತುದಿಯ ಬಿಳಿ ಮನೆಗಳಲ್ಲಿ ಎಷ್ಟು ಬಟ್ಟೆ ಕತ್ತರಿಸಬೇಕೆಂಬ ಲೆಕ್ಕ. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಮಾರ್ಜಿನ್, ಅಂದರೆ ಒಳಗೆ ಮಡಚಿ ಹೊಲಿಯಲು ಬಿಡುವ ಬಟ್ಟೆ. ಅಳತೆಗೆ ಮಾರ್ಜಿನ್ ಕೂಡಿಸಿ ಬಲತುದಿಯ ಲೆಕ್ಕ ತಾನಾಗಿಯೇ ಬರುತ್ತದೆ.

"ಈ ಮಾರ್ಜಿನ್ನು, ಈ ಲೆಕ್ಕ, ಇವನ್ನ ಯಾರೂ ಮುಟ್ಟಬಾರದು. ಅದಕ್ಕೇ ಬೀಗ ಹಾಕಿದೀನಿ," ಎಂದ ಅಳಿಯ.

"ಬೀಗ ಹೇಗೆ ಹಾಕ್ತೀರ?"

"ಅಲ್ಲೇ ಎಲ್ಲರೂ ಎಡವೋದು ಚಿಕ್ಕಮ್ಮ. ಹಾಳೇಲಿ ಪ್ರತಿಯೊಂದು ಮನೆಗೂ ಹುಟ್ಟುವಾಗಲೇ ಬೀಗ ಇರುತ್ತೆ. ಆದರೆ ಮೇಲೆ 'ಪ್ರೊಟೆಕ್ಟ್ ಶೀಟ್' ಅಂತ ಒತ್ತೋ ತನಕ ಆ ಬೀಗ ಕಚ್ಚಲ್ಲ. ಯಾರು ಬೇಕಾದರೂ ನುಗ್ಗಬಹುದು."

"ಲಾಕಪ್ಪಿಗೆ ಬೀಗ ಇದೆ, ಬಾಗಿಲಲ್ಲಿ ಪೇದೆ ಇಲ್ಲ. ಹಾಗೋ?"

"ಹಾಗೇ! ಒತ್ತಿದ ತಕ್ಷಣ ಪೇದೆ ಬಂದು ನಿಂತ ಹಾಗೆ. ಆದರೆ ನಾವು ಅಳತೆ ತುಂಬಬೇಕಲ್ಲ, ಆ ಮನೆಗಳೂ ಮುಚ್ಚಿಹೋದರೆ ತುಂಬೋದೆಲ್ಲಿ? ಅದಕ್ಕೇ ಮೊದಲು ಅಳತೆಯ ಮನೆಗಳನ್ನ ಆರಿಸಿಕೊಂಡು 'ಲಾಕ್ಡ್' ಅನ್ನೋ ಗುರುತು ತೆಗೀಬೇಕು. ಆಮೇಲೆ ಪೇದೇನ ಕರೀಬೇಕು. ಪೇದೇನ ಮೊದಲು ಕರೆದರೆ ಬೀಗ ತೆಗೆಯೋಕೇ ಬಿಡಲ್ಲ."

"ಪೇದೇನ ಕಳಿಸೋಕೆ ಗುಟ್ಟಿನ ಮಾತೇನಾದರೂ ಉಂಟೋ?"

"ಪಾಸ್‌ವರ್ಡ್ ಇಡಬಹುದು. ನಾನು ಇಟ್ಟಿಲ್ಲ. ಅತ್ತೆ ಕನ್ನಡಕ ಇಟ್ಟ ಜಾಗವನ್ನೇ ಮರೀತಾರೆ, ಪಾಸ್‌ವರ್ಡ್ ಕಳೆದುಹೋದರೆ ಹಾಳೆ ನಮಗೇ ಬಾಗಿಲು ತೆಗೆಯಲ್ಲ. ಈ ಬೀಗ ಕಳ್ಳರಿಗಲ್ಲ ಚಿಕ್ಕಮ್ಮ, ಕೈತಪ್ಪಿಗೆ ಮಾತ್ರ."

ಕಳ್ಳರಿಗಲ್ಲ, ಕೈತಪ್ಪಿಗೆ. ಚಿಕ್ಕಮ್ಮ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಅಂದಮೇಲೆ ಇವಳು ಮಾರ್ಜಿನ್ ಅಳಿಸೋಕೆ ಸಾಧ್ಯವೇ ಇಲ್ಲ?"

ಅಳಿಯ ಸೊಸೆಯ ಮುಖ ನೋಡಲಾರದೆ ಕನ್ನಡಕ ಒರೆಸಿಕೊಂಡ. "ಬೀಗ ಇದ್ದಮೇಲೆ ಸಾಧ್ಯವಿಲ್ಲ. ಆದರೆ ತೋಳಿನ ಮಾರ್ಜಿನ್ ಖಾಲಿಯಾಗಿತ್ತು. ಅದನ್ನ ನಾನೇ ಕಣ್ಣಾರೆ ನೋಡಿ, ನಿನ್ನೆ ಪ್ರೊಟೆಕ್ಟ್ ತೆಗೆದು ಮತ್ತೆ ತುಂಬಿದೆ. ಬೇಕಂತಲೇ ಪ್ರೊಟೆಕ್ಟ್ ತೆಗೆದು ಅಳಿಸಿದರೆ ಮಾತ್ರ..."

"ಬೇಕಂತ ಯಾಕೆ ಅಳಿಸಲಿ ಭಾವ?" ಸೊಸೆ ಅಳತೊಡಗಿದಳು. "ನಾನೇ ಕತ್ತರಿಸೋ ಬಟ್ಟೆ, ನನ್ನ ಕೈಯಾರೆ ಹಾಳುಮಾಡ್ಕೊಳ್ಳಲಾ?"

"ಅಳು ಆಮೇಲೆ. ಈಗ ತುಂಬು," ಎಂದಳು ಚಿಕ್ಕಮ್ಮ. "ದಿನಾ ಹೇಗೆ ತುಂಬ್ತೀಯೋ ಹಾಗೇ. ನಾನಿಲ್ಲ ಅಂದ್ಕೋ."

*

ಸೊಸೆ ಕಣ್ಣೊರೆಸಿಕೊಂಡು ಕೂತಳು. ಬಲಗೈಯಲ್ಲಿ ಅಳತೆ ಚೀಟಿ, ಕಣ್ಣು ಚೀಟಿಯ ಮೇಲೆ, ಎಡಗೈ ಕೀಲಿಗಳ ಮೇಲೆ. ಒಂದು ಅಂಕಿ, ಕಿರುಬೆರಳಿನಿಂದ ಒಂದು ಕೀಲಿ. ಮತ್ತೊಂದು ಅಂಕಿ, ಮತ್ತದೇ ಕೀಲಿ.

"ಅದ್ಯಾವುದು, ಪಕ್ಕದಲ್ಲಿ ಕುಟ್ತಿರೋದು?"

"ಟ್ಯಾಬು. ಹೋದ ತಿಂಗಳು ಭಾವ ಹೇಳಿಕೊಟ್ಟರು. ಮೊದಲೆಲ್ಲ ಮೌಸ್ ಹಿಡಿದು ಒಂದೊಂದು ಮನೆಗೂ ಹೋಗ್ತಿದ್ದೆ. ಇದನ್ನ ಒತ್ತಿದರೆ ತಾನೇ ಮುಂದಿನ ಮನೆಗೆ ಹಾರುತ್ತೆ."

"ಬೀಗ ಇರೋ ಮನೆಗೂ ಹಾರುತ್ತೋ?"

"ಇಲ್ಲ," ಎಂದ ಅಳಿಯ. "ಪ್ರೊಟೆಕ್ಟ್ ಮಾಡಿದ ಹಾಳೇಲಿ ಟ್ಯಾಬ್ ಒತ್ತಿದರೆ ತೆರೆದ ಮನೆಗೆ ಮಾತ್ರ."

ಸೊಸೆ ಕೊನೆಯ ಗಿರಾಕಿಯ ಕೊನೆಯ ಅಳತೆ ತುಂಬಿ ಟ್ಯಾಬ್ ಕುಟ್ಟಿದಳು. ಮಿನುಗುವ ಚೌಕಟ್ಟು ಬಿಳಿ ಮನೆಗಳನ್ನೆಲ್ಲ ದಾಟಿ ಕೆಳಗೆ ಜಿಗಿದು ಒಂದು ಹಳದಿ ಮನೆಯಲ್ಲಿ ನಿಂತಿತು. ಸೊಸೆಯ ಕಣ್ಣು ಇನ್ನೂ ಚೀಟಿಯ ಮೇಲೇ ಇತ್ತು. ಬೆರಳು ರೂಢಿಯಂತೆ ಅಳಿಸುವ ಕೀಲಿಯನ್ನು ಒತ್ತಿತು.

"ತಡಿ! ಈಗೇನು ಒತ್ತಿದೆ?"

"ಡಿಲೀಟು. ಮುಂದಿನವರ ಸಾಲಿಗೆ ಬಂದಿರ್ತೀನಲ್ಲ, ಅಲ್ಲಿ ಹಳೇ ಆರ್ಡರಿನ ಅಂಕಿ ಉಳಿದಿದ್ರೆ ಇರಬಾರದು ಅಂತ ಒರೆಸಿ ಏಳ್ತೀನಿ."

"ತಲೆ ಎತ್ತಿ ಪರದೆ ನೋಡು."

ಬಲತುದಿಯಲ್ಲಿ ತೋಳಿನ ಲೆಕ್ಕವೆಲ್ಲ ಕಣ್ಣೆದುರೇ ಇಳಿದುಹೋಗಿತ್ತು. ಒಬ್ಬ ಗಿರಾಕಿಯನ್ನೂ ಬಿಡದೆ ಎಲ್ಲರ ತೋಳೂ ಅದೇ ಎರಡು ಬೆರಳಗಲ ಗಿಡ್ಡ.

ಸೊಸೆ ಬಾಯಿಗೆ ಕೈ ಇಟ್ಟುಕೊಂಡಳು. ಅಳಿಯ ಕುರ್ಚಿಯಿಂದ ಎದ್ದೇಬಿಟ್ಟ.

"ಇದು ತೋಳಿನ ಮಾರ್ಜಿನ್ ಮನೆ! ಇದಕ್ಕೆ ಬೀಗ ಇರಬೇಕಿತ್ತು. ಹಾಳೆ ಪ್ರೊಟೆಕ್ಟ್ ಆಗೇ ಇದೆ. ಇದೊಂದು ಹೇಗೆ ತೆರೆದುಕೊಂಡಿದೆ?"

"ಪೇದೆ ಬಾಗಿಲಲ್ಲೇ ನಿಂತಿದಾನೆ, ಒಂದು ಕೋಣೆಯ ಬೀಗ ಮಾತ್ರ ಹಾಕಿಲ್ಲ," ಎಂದಳು ಚಿಕ್ಕಮ್ಮ. ಅವಳಿಗೆ ಮೈ ಬೆಚ್ಚಗಾಯಿತು. ಕೆಲಸದಿಂದ ಬಿಡುಗಡೆಯಾದ ಮೇಲೆ ಈ ಸುಖ ಅಪರೂಪವಾಗಿತ್ತು.

ಗಸ್ತಿನ ಕಾಲದಲ್ಲಿ ಅವಳಿಗೊಂದು ಅಭ್ಯಾಸವಿತ್ತು. ಬೀದಿಯ ಒಂದು ಅಂಗಡಿಯ ಬೀಗ ಸಡಿಲವಾಗಿ ಕಂಡರೆ ಉಳಿದ ಅಂಗಡಿಗಳ ಬೀಗವನ್ನೂ ಜಗ್ಗಿ ನೋಡದೆ ಮನೆಗೆ ಹೋಗುತ್ತಿರಲಿಲ್ಲ. ಈಗಲೂ ಅಷ್ಟೇ. ಸೊಸೆಯ ಕೈಯಿಂದ ಲೆಕ್ಕದ, ಮಾರ್ಜಿನ್ನಿನ ಒಂದೊಂದು ಮನೆಯಲ್ಲೂ ಅಂಕಿ ಒತ್ತಿಸಿದಳು. ಪ್ರತಿ ಸಲವೂ ಇದು ಮುಚ್ಚಿದ ಮನೆ ಎಂದು ಎಚ್ಚರಿಸುವ ಫಲಕ ಟಣ್ ಎಂದು ಎದ್ದು ನಿಂತಿತು. ಎದೆಯ ಮಾರ್ಜಿನ್, ಟಣ್. ಭುಜದ್ದು, ಟಣ್.

ಕಾಲರಿನದಕ್ಕೆ ಫಲಕ ಏಳಲಿಲ್ಲ. ಅಂಕಿ ಒಳಗೆ ಹೋಗಿ ಕೂತಿತು. ಅದೂ ಹಳದಿ.

"ಇಲ್ಲೊಂದು!" ಎಂದಳು ಸೊಸೆ.

ಗೋಡೆಯಾಚೆ ಇಸ್ತ್ರಿಯ ಹಬೆ ಒಂದು ಕ್ಷಣ ನಿಂತಿತು. "ಏನಂತೆ?" ಎಂದ ತಾತ. "ಏನಿಲ್ಲ ತಾತ, ನಿಮ್ಮ ಕಾಲರು ನೀವು ನೋಡ್ಕೊಳ್ಳಿ," ಎಂದಳು ಚಿಕ್ಕಮ್ಮ. ಹಬೆ ಮತ್ತೆ ಬುಸುಗುಟ್ಟಿತು.

"ಅಳಿಯಂದಿರೇ, ವಾದ್ಯತಂಡದವರ ಹಾಳೆ ಇಟ್ಟಿದೀರಾ?"

ಇತ್ತು. ಪ್ರತಿ ಆರ್ಡರಿಗೂ ಹಿಂದಿನ ಹಾಳೆಯ ನಕಲು ತೆಗೆದುಕೊಂಡು ಮುಂದುವರಿಯುವುದು ಅಂಗಡಿಯ ಪದ್ಧತಿ. ಎಲ್ಲಕ್ಕೂ ಮೊದಲಿನದು ವಾದ್ಯತಂಡದ್ದು. ಅದರಲ್ಲಿ ತೋಳಿನ ಮಾರ್ಜಿನ್ ಹಳದಿಯಾಗಿತ್ತು, ತೆರೆದಿತ್ತು, ಖಾಲಿಯಾಗಿತ್ತು. ಕಾಲರಿನದು ಬಿಳಿ. ಜಗ್ಗಿದರೆ ಟಣ್ ಎಂದಿತು.

"ಆ ಕಾಲದಲ್ಲಿ ಅಳತೆ ತುಂಬ್ತಿದ್ದೋರು ಯಾರು?"

"ಅತ್ತೆ," ಎಂದ ಅಳಿಯ ಮೆಲ್ಲಗೆ. "ಹರೆಯದಲ್ಲಿ ಟೈಪ್ ಕಲಿತೋರು. ಅವರಿಗೆ ಟ್ಯಾಬ್ ಯಾರೂ ಹೇಳಿಕೊಡಬೇಕಾಗಿರಲಿಲ್ಲ."

*

ಯಜಮಾನಿ ಹಿಂಬದಿಯ ಕೋಣೆಯಲ್ಲಿ ಬಟ್ಟೆಯ ಸುರುಳಿ ಬಿಡಿಸಿಕೊಂಡು ನಿಂತಿದ್ದಳು. ಒಂದು ಕೈಯಲ್ಲಿ ಬಿಳಿ ಸೀಮೆಸುಣ್ಣ, ಇನ್ನೊಂದರಲ್ಲಿ ಹಳದಿ. ಇವಳೂ ಚಿಕ್ಕಮ್ಮನೂ ಲಂಗ ಹಾಕುವ ವಯಸ್ಸಿನಿಂದ ಗೆಳತಿಯರು.

"ಏನೇ ಪೇದೆ, ಕಳ್ಳಿ ಸಿಕ್ಕಿದಳೋ?"

"ಸಿಕ್ಕಹಾಗಿದೆ. ನೀನು ಬಿಳಿಯಲ್ಲಿ ಏನು ಬರೀತೀಯ, ಹಳದಿಯಲ್ಲಿ ಏನು?"

"ಬಿಳಿ ಹೊಲಿಗೆಯ ಗೆರೆ. ಹಳದಿ ಮಾರ್ಜಿನ್ನಿನ ಗೆರೆ. ನಮ್ಮಪ್ಪನ ಕಾಲದಿಂದ ಇದೇ ಅಲ್ವೇನೇ? ನಿನಗೆ ಗೊತ್ತಿಲ್ಲದ್ದೇನು?"

"ಕಂಪ್ಯೂಟರಿನ ಹಾಳೇಲೂ ಮಾರ್ಜಿನ್ನಿಗೆ ಹಳದಿ ಹಚ್ಚಿದೋರು ಯಾರು?"

"ನಾನೇ," ಎಂದಳು ಯಜಮಾನಿ, ಹೆಮ್ಮೆಯಿಂದಲೇ. "ಅಳಿಯಂದಿರು ಹಾಳೆ ಮಾಡ್ತಾ ಮಾಡ್ತಾ ಊಟಕ್ಕೆ ಎದ್ದಿದ್ರು. ನೋಡ್ತೀನಿ, ಅಳತೆಗೆ ಹಳದಿ, ಮಾರ್ಜಿನ್ನಿಗೆ ಬಿಳಿ! ಎಲ್ಲ ತಿರುವುಮುರುವು. ತೋಳಿನ ಮಾರ್ಜಿನ್ನನ್ನಾದರೂ ನಮ್ಮ ಕಣ್ಣಿಗೆ ಕಾಣೋ ಹಾಗೆ ಮಾಡೋಣ ಅಂತ, ಅಲ್ಲಿ ಬ್ರಷ್ಷಿನ ಚಿತ್ರ ಇರುತ್ತಲ್ಲ, ಅದನ್ನ ಅಳತೆಯ ಮನೆಯಲ್ಲಿ ಅದ್ದಿ ಇಲ್ಲಿ ಬಳಿದೆ. ತಪ್ಪೇನು?"

ಬಾಗಿಲ ಬಳಿ ನಿಂತಿದ್ದ ಅಳಿಯ ಹಣೆ ಚಚ್ಚಿಕೊಂಡ.

"ಅತ್ತೆ, ಆ ಬ್ರಷ್ಷು ಬರೀ ಬಣ್ಣ ತರಲ್ಲ. ಆ ಮನೆಯ ಗುಣವನ್ನೆಲ್ಲ ಹೊತ್ತು ತರುತ್ತೆ. ಅಳತೆಯ ಮನೆಗೆ ನಾನು ಬೀಗ ತೆಗೆದಿದ್ದೆ. ಬಣ್ಣದ ಜತೆ ಅದೂ ಬಂತು. ಊಟ ಮಾಡಿ ಬಂದು ನಾನು ನೋಡದೇ ಪ್ರೊಟೆಕ್ಟ್ ಒತ್ತಿದೆ. ನನ್ನದೂ ತಪ್ಪಿದೆ."

ಯಜಮಾನಿ ಒಬ್ಬೊಬ್ಬರನ್ನೇ ನೋಡಿದಳು. ಅಳಿಯ, ಅವನ ಹಿಂದೆ ಸೊಸೆ, ಕೊನೆಗೆ ಗೆಳತಿ.

"ಅಂದ್ರೆ..."

"ಅಂದ್ರೆ ಆ ಬಾಗಿಲು ತೆರೆದಿಟ್ಟೋಳು ನೀನು," ಎಂದಳು ಚಿಕ್ಕಮ್ಮ. "ಟ್ಯಾಬ್ ಒತ್ತಿದ ಕೈ ತಾನಾಗೇ ಅದರೊಳಗೆ ಹೋಗಿ ಬೀಳುತ್ತೆ. ಹೋದ ವಾರ ಇವಳ ಕೈ ಬಿತ್ತು. ಮೂರು ವರ್ಷದ ಹಿಂದೆ ಬಿದ್ದದ್ದು ನಿನ್ನದು ಕಣೇ."

"ನಾನ್ಯಾಕೆ ಅಳಿಸಲಿ ಪೇದೆ? ನನಗೆ ನೆನಪೇ ಇಲ್ಲ!"

"ಕೈತಪ್ಪು ನೆನಪಿನಲ್ಲಿ ಉಳಿದಿದ್ರೆ ಅದನ್ನ ಕೈತಪ್ಪು ಅಂತ ಯಾರಂತಾರೆ?"

ಯಜಮಾನಿ ಬಟ್ಟೆಯ ಸುರುಳಿಯ ಮೇಲೆ ಕುಸಿದು ಕೂತಳು. ಹಳದಿ ಸೀಮೆಸುಣ್ಣ ಅವಳ ಮುಷ್ಟಿಯಲ್ಲೇ ಪುಡಿಯಾಯಿತು.

"ಕಂಪ್ಯೂಟರ್ ಹೇಳಿದಷ್ಟೇ ಕತ್ತರಿಸಿದೆ ಅಕ್ಕ ಅಂದ," ಎಂದಳು. "ಮಾರ್ಜಿನ್ ನೀನು ಕೈಯಿಂದ ಬಿಡಬೇಡ, ಹಾಳೆ ನೋಡಿ ಅಷ್ಟೇ ಕತ್ತರಿಸು ಅಂತ ಹಟ ಹಿಡಿದೋಳೂ ನಾನೇ. ಮಾತು ಕೇಳಿದ್ದಕ್ಕೇ ಬೈಸಿಕೊಂಡ ನನ್ನ ತಮ್ಮ."

ಅವಳು ಎದ್ದು ಸೊಸೆಯ ಹತ್ತಿರ ಬಂದಳು. ಕೈಗೆ ಹಳದಿ ಪುಡಿ ಮೆತ್ತಿದ್ದರಿಂದ ಮುಟ್ಟಲೋ ಬೇಡವೋ ಎಂದು ಒಂದು ಕ್ಷಣ ಅನುಮಾನಿಸಿ, ಮುಟ್ಟಿಯೇಬಿಟ್ಟಳು. ಸೊಸೆಯ ಕೆನ್ನೆಯ ಮೇಲೆ ಹಳದಿ ಬೆರಳಚ್ಚು ಮೂಡಿತು.

"ಚೀಲದಿಂದ ಕತ್ತರಿ ತೆಗಿ ಕಣಮ್ಮ. ನಿನ್ನೆ ನನ್ನ ನಾಲಿಗೆಗೂ ಬೀಗ ಇರಲಿಲ್ಲ."

"ನಿಮಗೆ ಗೊತ್ತಿತ್ತಾ ಅತ್ತೆ, ನಾನು ಕತ್ತರಿ ಸುತ್ತಿಟ್ಟದ್ದು?"

"ಬೆಳಿಗ್ಗೆಯಿಂದ ಆ ಚೀಲ ಕಂಡಾಗಲೆಲ್ಲ ಹಿಂದಿನ ಕೋಣೆಗೆ ಸರಿದುಬಿಡ್ತಿದ್ದೆ. ಕೇಳೋಕೆ ಮುಖ ಇರಲಿಲ್ಲ."

"ಬೆರಳಚ್ಚು ಸಿಕ್ಕಿತಪ್ಪಾ, ಇನ್ನು ಸಾಕ್ಷಿ ಬೇಡ," ಎಂದಳು ಚಿಕ್ಕಮ್ಮ ಸೊಸೆಯ ಕೆನ್ನೆ ತೋರಿಸಿ. ಈ ಸಲ ಸೊಸೆ ನಕ್ಕಳು. ಅಳುತ್ತ ಅಳುತ್ತಲೇ, ಹೊಟ್ಟೆ ಹಿಡಿದುಕೊಂಡು.

*

ಅಳಿಯ ಆ ಎರಡು ಮನೆಗಳಿಗೂ ಬೀಗದ ಗುರುತು ಮತ್ತೆ ಹಾಕಲು ಕೂತ. ಮೊದಲು ಹಾಳೆಯ ಪ್ರೊಟೆಕ್ಟ್ ತೆಗೆಯಬೇಕು, ಗುರುತು ಹಾಕಬೇಕು, ಆಮೇಲೆ ಮತ್ತೆ ಪ್ರೊಟೆಕ್ಟ್ ಒತ್ತಬೇಕು. ಸೊಸೆ ಪಕ್ಕದಲ್ಲಿ ನಿಂತು, "ಈ ಸಲ ಊಟಕ್ಕೆ ಏಳಬೇಡಿ ಭಾವ" ಎಂದು ಕಾಲೆಳೆಯುತ್ತಿದ್ದಳು. ಅವಳ ಕತ್ತರಿ ಮೇಜಿನ ಮೇಲೆ ತನ್ನ ಹಳೆಯ ಜಾಗದಲ್ಲಿ ಹೊಳೆಯುತ್ತಿತ್ತು.

ಯಜಮಾನಿ ಗುಂಡಿ ಡಬ್ಬಗಳ ಸಾಲಿನಿಂದ ಒಂದನ್ನು ಇಳಿಸಿದಳು. ಕೋಟಿನ ದೊಡ್ಡ ಗುಂಡಿಗಳ ಕೆಳಗೆ ಒಂದು ಲಕೋಟೆ ಮಲಗಿತ್ತು. ಅಂಟಿಸಿದ್ದು, ವಿಳಾಸ ಬರೆದದ್ದು, ಅಂಚೆಚೀಟಿ ಹಚ್ಚಿದ್ದು. ಗುಂಡಿಗಳ ದುಂಡು ಗುರುತು ಅದರ ಮೈತುಂಬ ಮೂಡಿತ್ತು.

"ಅವನು ಊರು ಬಿಟ್ಟ ವರ್ಷವೇ ಬರೆದೆ," ಎಂದಳು. "ವಾಪಸ್ ಬಾ ಅಂತ. ಹಾಕೋಣ ಅಂತ ಕೈಗೆ ತಗೊಂಡಾಗಲೆಲ್ಲ, ನಿಜವಾಗಿ ಬೇಕಂತಲೇ ಮಾಡಿದ್ದರೆ ಅನ್ನೋದೊಂದು ಹುಳ ಕಾಡೋದು. ವಾಪಸ್ ಡಬ್ಬಕ್ಕೆ."

"ಅಂಚೆಚೀಟಿ ದರ ಏರಿರುತ್ತೆ. ಇನ್ನೊಂದು ಹಚ್ಚು."

"ಎರಡು ಹಚ್ತೀನಿ. ಬೇಗ ಹೋಗಲಿ."

"ಎರಡು ಹಚ್ಚಿದ್ರೆ ಓಡುತ್ತೇನೇ ಅದು?"

ಇಬ್ಬರೂ ನಗುತ್ತ ಬೀದಿಗಿಳಿದರು. ಇಳಿಬಿಸಿಲು ಹಿತವಾಗಿತ್ತು. ಅಂಚೆಪೆಟ್ಟಿಗೆ ತಿರುವಿನಲ್ಲಿ, ಸೈಕಲ್ ರಿಪೇರಿಯವನ ಅಂಗಡಿಯ ಪಕ್ಕ. ಹುಡುಗಿಯರಾಗಿದ್ದಾಗ ನಡೆಯುತ್ತಿದ್ದಂತೆ ಒಬ್ಬಳ ಭುಜಕ್ಕೆ ಇನ್ನೊಬ್ಬಳ ಭುಜ ತಾಗುತ್ತಿತ್ತು. ಪ್ರಕರಣ ಮುಗಿದ ಸಂಜೆ ಠಾಣೆಯಿಂದ ಮನೆಗೆ ಹೋಗುವಾಗಿನ ಹಗುರ ಚಿಕ್ಕಮ್ಮನ ಕಾಲಿಗೆ ಬಂದಿತ್ತು.

ಯಜಮಾನಿ ಲಕೋಟೆಯನ್ನು ಪೆಟ್ಟಿಗೆಯ ಬಾಯಿಗೆ ಅರ್ಧ ತೂರಿಸಿ ನಿಂತಳು.

"ಒಂದು ಮಾತು ಪೇದೆ. ಅಳಿಯಂದಿರು ಎರಡು ಮನೆಗೆ ಬೀಗ ಹಾಕ್ತೀನಿ ಅಂದ್ರಲ್ಲ. ಎರಡ್ಯಾಕೆ?"

"ತೋಳಿಂದು ಒಂದು, ಕಾಲರಿಂದು ಒಂದು. ಆಮೇಲೆ ಯಾವತ್ತೋ ಅದಕ್ಕೂ ಬಳಿದಿದೀಯಲ್ಲ."

"ಕಾಲರಿಗೆ ನಾನ್ಯಾಕೆ ಬಳೀಲಿ? ನಾನು ಬಳಿದದ್ದು ತೋಳಿಗೆ, ಅದೂ ಆ ಒಂದೇ ದಿನ. ತಮ್ಮ ಹೋದ ಮೇಲೆ ನಾನು ಆ ಮೇಜಿಗೆ ಕೂತೇ ಇಲ್ಲವಲ್ಲೇ."

ಚಿಕ್ಕಮ್ಮನ ಕಾಲಿನ ಹಗುರ ಅಲ್ಲೇ ಇಳಿದುಹೋಯಿತು.

ವಾದ್ಯತಂಡದ ಹಾಳೆಯಲ್ಲಿ ಕಾಲರು ಬಿಳಿಯಾಗಿತ್ತು, ಬೀಗವೂ ಇತ್ತು. ಪ್ರೊಟೆಕ್ಟ್ ಮಾಡಿದ ಹಾಳೆಯಲ್ಲಿ ಬ್ರಷ್ ಆಡಿಸಲು ಬಾರದು. ಹಾಗಿದ್ದರೆ ಈ ಮೂರು ವರ್ಷದಲ್ಲಿ ಯಾರೋ ಪೇದೆಯನ್ನು ಹೊರಗೆ ಕಳಿಸಿ, ಕಾಲರಿಗೆ ಹಳದಿ ಬಳಿದು, ಪೇದೆಯನ್ನು ಮತ್ತೆ ಕರೆದು ನಿಲ್ಲಿಸಿದ್ದಾರೆ. ಈ ಬೀಗ ಕೈತಪ್ಪಿಗೆ ಎಂದಿದ್ದ ಅಳಿಯ. ಇಷ್ಟೆಲ್ಲ ಮಾಡಿದ ಕೈ, ತಪ್ಪಿದ ಕೈಯಲ್ಲ.

ಆ ಹಾಳೆಯ ಹತ್ತಿರ ಸುಳಿಯುವವರು ಮೂವರೇ. ಅಳಿಯ, ಸೊಸೆ, ಬಿಡುವಾದಾಗ ಅದೇ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುವ ಇಸ್ತ್ರಿ ತಾತ. ಮೂವರೂ ಈಗ ಅಂಗಡಿಯಲ್ಲೇ ಇದ್ದಾರೆ.

"ಯಾಕೇ, ಮುಖ ಹಾಗಾಯ್ತು?" ಯಜಮಾನಿಯ ಬೆರಳು ಲಕೋಟೆಯ ತುದಿಯನ್ನು ಇನ್ನೂ ಬಿಟ್ಟಿರಲಿಲ್ಲ. "ಹಾಕಲೋ ಬೇಡವೋ?"

ಚಿಕ್ಕಮ್ಮ ಅಂಗಡಿಯ ಕಡೆ ತಿರುಗಿ ನೋಡಿದಳು. ಕಿಟಕಿಯಲ್ಲಿ ಯಾರೋ ನಿಂತು ಇತ್ತಲೇ ನೋಡುತ್ತಿದ್ದವರು ಪಕ್ಕಕ್ಕೆ ಸರಿದಂತಾಯಿತು. ಹಬೆಗೆ ಗಾಜು ಮಸುಕಾಗಿತ್ತು, ಯಾರೆಂದು ತಿಳಿಯಲಿಲ್ಲ.

"ಹಾಕು," ಎಂದಳು. "ಆ ಕಾಲರು ಬಿಳಿಯಾಗಿದ್ದಾಗ ಅಂಗಡಿ ಬಿಟ್ಟು ಹೋದೋನು ಅವನೊಬ್ಬನೇ. ಈಗ ಕಣ್ಣು ಮುಚ್ಚಿ ನಂಬೋದಾದ್ರೆ ಅವನನ್ನೇ ನಂಬಬೇಕು."

ಯಜಮಾನಿ ಬೆರಳು ಸಡಿಲಿಸಿದಳು. ಲಕೋಟೆ ಪೆಟ್ಟಿಗೆಯ ತಳಕ್ಕೆ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು.